ಮನೆಯೊಳಗಿನ ವಿಳಾಸ

ಕಕ್ಕಡದ ಮಳೆ ಮಡಿಕೇರಿಯಲ್ಲಿ ಹೇಗೆ ಹೊಡೆಯುವುದೆಂದು ವಾಚಕರಿಗೆ ನಾನು ಹೇಳಬೇಕಾದುದಿಲ್ಲ. ಅಂಥದೊಂದು ಸಂಜೆ ಇಂಟರ್‌ನೆಟ್ ಕಡಿದುಹೋಯಿತು. ಮರುದಿನ ಪರೀಕ್ಷೆ, ಟಿಪ್ಪಣಿಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ. ಹಾಸ್ಟೆಲಿನ ರೂಟರ್ ಮಾತ್ರ ಜೀವಂತವಾಗಿತ್ತು. ಪೈಥಾನಿನ ಪುಟ್ಟ ಸರ್ವರ್ ಹೂಡಿದೆ. ನನ್ನ ಯಂತ್ರದ ವಿಳಾಸ ತಿಳಿದರೆ ಗೆಳೆಯರು ತಮ್ಮ ಕೋಣೆಯಲ್ಲೇ ಓದಬಹುದು.

ಎರಡು ಸಾಲು ಬರೆದು, ಯಂತ್ರದ ಹೆಸರು ಹಿಡಿದು ವಿಳಾಸ ಕೇಳಿದೆ. ೧೨೭.೦.೧.೧ ಎಂದಿತು. ಕತ್ತಲಲ್ಲಿ ಕದ ತಟ್ಟಿದವನನ್ನು "ಯಾರು?" ಎಂದರೆ "ನಾನೇ" ಎಂದಂತಾಯಿತು! ಅದು ಯಂತ್ರವು ತನ್ನನ್ನು ತಾನೇ ಕರೆದುಕೊಳ್ಳುವ ಅಂಕೆ. ಪಕ್ಕದ ಕೋಣೆಯವರಿಗೆ ಅದರಿಂದೇನು?

ಹಿರಿಯ ವಿದ್ಯಾರ್ಥಿಯೊಬ್ಬರು ಉಪಾಯ ಹೇಳಿದರು. ಯುಡಿಪಿ ಸಾಕೆಟ್ ತೆರೆದು, ದೂರದ ೮.೮.೮.೮ಕ್ಕೆ 'ಕನೆಕ್ಟ್' ಮಾಡು. ಬಳಿಕ 'ಗೆಟ್‌ಸಾಕ್‌ನೇಮ್' ಎಂದು ಕೇಳು.

"ಹೊರಗೆ ದಾರಿಯೇ ಇಲ್ಲವಲ್ಲ?" ಎಂದೆ.

ಅವರು ನಕ್ಕರು. ಯುಡಿಪಿಯಲ್ಲಿ ಕನೆಕ್ಟ್ ಎಂದರೆ ಒಂದು ಪ್ಯಾಕೆಟ್ಟೂ ಹೊರಡುವುದಿಲ್ಲವಂತೆ. ಹೊರಡುವುದಾದರೆ ಯಾವ ಬಾಗಿಲಿನಿಂದ ಎಂದು ಯಂತ್ರ ಗೊತ್ತುಮಾಡಿಕೊಳ್ಳುತ್ತದೆ, ಅಷ್ಟೆ. ಆ ಬಾಗಿಲಿನ ವಿಳಾಸವೇ ನಮಗೆ ಬೇಕಾದುದು. ರೂಟರ್ ಇರುವವರೆಗೆ ಬಾಗಿಲೂ ಉಂಟು.

೧೯೨.೧೬೮.೧.೭ ಎಂದು ತೆರೆಯ ಮೇಲೆ ಮೂಡಿತು. ಓಣಿಯಲ್ಲಿ ನಿಂತು ಕೂಗಿ ಹೇಳಿದೆ. ಐದು ನಿಮಿಷದಲ್ಲಿ ಪಕ್ಕದ ಕೋಣೆಯಿಂದ ಮರುಕೂಗು ಬಂತು: "ಮೂರನೆಯ ಅಧ್ಯಾಯ ಎಲ್ಲಿ?"

ಅದನ್ನು ನಾನು ಬರೆದೇ ಇರಲಿಲ್ಲ.