ಘಟ್ಟದ ರಾಜ

ಪುಣೆಯಲ್ಲಿ ನೆಲಸಿದ ನಮಗೆ ಬೋರ್ ಘಾಟವೆಂದರೆ ಮುಂಬಯಿಯ ದಾರಿ, ಅಷ್ಟೆ. ನಮ್ಮ ತಂದೆಯವರಿಗೋ ಅದು ಜಾತ್ರೆಯ ಜಾಗ. ಮುಂಬಯಿ–ಪುಣೆ ಸೈಕಲ್ ಪಂದ್ಯ 1945ರಲ್ಲಿ ಮೊದಲಾದದ್ದು. ವರ್ಷವೂ ತಪ್ಪದೆ ನಡೆದದ್ದಲ್ಲ. ನಡೆದಾಗ ನನ್ನನ್ನು ಕರೆದೊಯ್ದು ಖಂಡಾಳಾದ ತಿರುವಿನಲ್ಲಿ ನಿಲ್ಲಿಸುತ್ತಿದ್ದರು. ಏರು ಹತ್ತಿ ಮೊದಲು ಬಂದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು. ಚಪ್ಪಾಳೆಯೋ ಚಪ್ಪಾಳೆ!

ಮೊನ್ನೆ ಮಗ ಹೊಸ ಕಾರು ಕೊಂಡ. “ಅಪ್ಪಾ, ಘಟ್ಟ ಎಷ್ಟು ನಿಮಿಷದಾಗ ಏರತೀನಿ ನೋಡ್ರಿ” ಎಂದ.

ನಾನು ಇಟಲಿಯ ಕಥೆ ತೆಗೆದೆ. 1927ರಲ್ಲಿ ಹುಟ್ಟಿದ ‘ಮಿಲ್ಲೆ ಮಿಲ್ಯಾ’ ಪಂದ್ಯದಲ್ಲಿ ಊರೂರಿನ ರಸ್ತೆಗಳ ಮೇಲೆಯೇ ಸಾವಿರ ಮೈಲಿ ಕಾರು ಓಡಿಸುತ್ತಿದ್ದರು. 1955ರಲ್ಲಿ ಸ್ಟರ್ಲಿಂಗ್ ಮಾಸ್ 10 ಗಂಟೆ 8 ನಿಮಿಷದೊಳಗೆ ಮುಗಿಸಿ ಗೆದ್ದರು. 1957ರಲ್ಲಿ ಒಂದು ಕಾರಿನ ಟಯರು ಒಡೆಯಿತು. ಕಾರಿನಲ್ಲಿದ್ದ ಇಬ್ಬರಲ್ಲದೆ, ನೋಡುತ್ತ ನಿಂತಿದ್ದ 9 ಜನ ಸತ್ತರು. ಅವರಲ್ಲಿ 5 ಮಕ್ಕಳು. ವೇಗದ ಪಂದ್ಯ ಅಲ್ಲಿಗೇ ನಿಂತಿತು.

“ಹಂಗ ದಾರಿ ಬದಿಗೆ ನಿಂತು ನೋಡತಿದ್ದ ಹುಡುಗ ನಾನೂ ಇದ್ದೆ, ತಮ್ಮಾ” ಎಂದೆ.

ಅವನು ಮಾತಾಡಲಿಲ್ಲ. ಭಾನುವಾರ ಘಟ್ಟ ಹತ್ತುವಾಗ ಖಂಡಾಳಾದ ತಿರುವು ಬಂತು. ತಾನಾಗಿಯೇ ವೇಗ ತಗ್ಗಿಸಿ, “ನೀವು ನಿಲ್ಲತಿದ್ದ ಜಾಗ ಯಾವುದ್ರಿ, ಅಪ್ಪಾ?” ಎಂದು ಕೇಳಿದ.