ಏಳನೆಯ ಸಂಚಿಕೆ

ಗೊಂಬೆಗೂ ಕಥೆಗೂ ಇರುವ ನಂಟು ಹಳೆಯದು. ಕಥೆ ಮೊದಲು ಹುಟ್ಟುವುದು, ಗೊಂಬೆ ಅದರ ಬೆನ್ನು ಹಿಡಿದು ಬರುವುದು ನಮ್ಮ ನಾಡಿನ ವಾಡಿಕೆ. ದಸರೆಯ ಹಲಗೆಯ ಮೇಲೆ ರಾಮಲಕ್ಷ್ಮಣರನ್ನು ಕೂಡಿಸುವ ಗೃಹಿಣಿಗೆ ಅವರ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಚನ್ನಪಟ್ಟಣದ ಕುಶಲಿಗನಂತೂ ಕಥೆಯ ಗೊಡವೆಗೇ ಹೋಗುವವನಲ್ಲ. ಹಾಲೆ ಮರದ ತುಂಡನ್ನು ತಿರುಗಣಿಗೆ ಕೊಟ್ಟು ಕಡೆದು, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ, ಉಜ್ಜಿದ ಕಾವಿಗೆ ಕರಗಿದ ಅರಗು ಮರವನ್ನು ಅಪ್ಪಿಕೊಂಡಿತೆಂದರೆ ಅವನ ಕೆಲಸ ಮುಗಿಯಿತು. ಮಿಕ್ಕ ಕಥೆ ಮಗುವಿನ ಪಾಲಿಗೆ ಬಿಟ್ಟದ್ದು.

ಅಮೆರಿಕದಲ್ಲಿ ಎಂಬತ್ತರ ದಶಕದಲ್ಲಿ ಈ ಕ್ರಮ ತಲೆಕೆಳಗಾಯಿತು. ಆಟಿಕೆಯ ಹೆಸರಿನಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುವುದು ಜಾಹೀರಾತಿಗೆ ಸಮವೆಂದು ೧೯೬೯ರಲ್ಲಿ ಆಕ್ಷೇಪಿಸಿದ್ದ ಅಲ್ಲಿನ ಪ್ರಸಾರ ಆಯೋಗವೇ ೧೯೮೪ರಲ್ಲಿ ಕಟ್ಟುಪಾಡುಗಳನ್ನು ಸಡಿಲಿಸಿತು. ಅಲ್ಲಿಂದ ಮುಂದೆ ಗೊಂಬೆಯೇ ಮೊದಲು ಹುಟ್ಟಿ, ಅದನ್ನು ಮಾರುವುದಕ್ಕೆಂದು ಕಥೆ ಹುಟ್ಟತೊಡಗಿತು. 'ಹೀ-ಮ್ಯಾನ್' ನಮ್ಮ ದೂರದರ್ಶನದವರೆಗೂ ಬಂದ. ಆದರೆ ಬಂದವರೆಲ್ಲ ಗೆದ್ದವರಲ್ಲ. ಹ್ಯಾಸ್ಬ್ರೋ ಕಂಪನಿ ೧೯೮೭ರಲ್ಲಿ ಹೊರತಂದ 'ವಿಷನರೀಸ್' ಅಂಥ ಸೋತವರಲ್ಲೊಂದು.

ಅದರ ಕಥೆ ಸೊಗಸಾದುದೇ. ಪ್ರಿಸ್ಮೋಸ್ ಎಂಬ ಲೋಕದಲ್ಲಿ ಮೂವರು ಸೂರ್ಯರು ಒಂದೇ ಸಾಲಿಗೆ ಬರುತ್ತಾರೆ. ಆ ಕ್ಷಣದಿಂದ ಯಂತ್ರಗಳೆಲ್ಲ ನಿಂತುಹೋಗಿ ಮಂತ್ರದ ಯುಗ ಆರಂಭವಾಗುತ್ತದೆ. ಲಿಯೋರಿಕ್ ಎಂಬವನ ಕಡೆಯ ವೀರರಿಗೂ ಡಾರ್ಕ್‌ಸ್ಟಾರ್ಮ್ ಎಂಬವನ ಕಡೆಯ ದುಷ್ಟರಿಗೂ ಯುದ್ಧ ಹತ್ತುತ್ತದೆ. ಗೊಂಬೆಗಳ ಎದೆಯ ಮೇಲೆ ಹೊಳೆಯುವ ಹಾಳೆಯೊಂದು ಅಂಟಿಕೊಂಡಿತ್ತು. ಹೊಲೋಗ್ರಾಮ್ ಎಂಬ ಆ ಹಾಳೆಯನ್ನು ಬಿಸಿಲಿಗೆ ಒಡ್ಡಿ ಓರೆಮಾಡಿದರೆ ಸಿಂಹವೋ ಮತ್ತೊಂದು ಪ್ರಾಣಿಯೋ ಒಳಗಿನಿಂದ ಎದ್ದು ಬಂದಂತೆ ಕಾಣುತ್ತಿತ್ತು. ದೂರದರ್ಶನಕ್ಕೆಂದು ತಯಾರಾದ ಕಂತುಗಳು ೧೩. ಮಾರ್ವೆಲ್ ಸಂಸ್ಥೆ ತನ್ನ 'ಸ್ಟಾರ್' ಮಾಲೆಯಲ್ಲಿ ಹೊರಡಿಸಿದ ಚಿತ್ರಕಥೆಯ ಸಂಚಿಕೆಗಳು ಕೇವಲ ಆರು. ೧೯೮೮ರಲ್ಲಿ, ಕಥೆ ಇನ್ನೂ ನಡುದಾರಿಯಲ್ಲಿರುವಾಗಲೇ, ಮಾಲೆ ನಿಂತುಹೋಯಿತು.

ಆ ಆರೂ ಸಂಚಿಕೆಗಳು, ಜೊತೆಗೆ ಒಬ್ಬ ಲಿಯೋರಿಕ್, ಅದೇ ವರ್ಷದ ಕೊನೆಯಲ್ಲಿ ತುಮಕೂರಿನ ಮರಳೂರಿನ ಮನೆಯೊಂದಕ್ಕೆ ಬಂದವು. ತಂದವನು ಶಿಕಾಗೋದಲ್ಲಿದ್ದ ಚಿಕ್ಕಪ್ಪ. ಹತ್ತು ವರ್ಷದ ಹುಡುಗ ಗೊಂಬೆಯನ್ನು ಕೆರೆಯ ಏರಿಯ ಮೇಲೆ ಒಯ್ದು, ಸಂಜೆಯ ಬಿಸಿಲಿನಲ್ಲಿ ಸಿಂಹವನ್ನು ಎಬ್ಬಿಸಿ ಗೆಳೆಯರಿಗೆ ತೋರಿಸಿದ. ಪುಸ್ತಕಗಳನ್ನು ನಿಘಂಟು ಹಿಡಿದು ಓದಿದ. ಆರನೆಯದು ಮುಗಿದಾಗ ಏಳನೆಯದಕ್ಕೆ ಕಾಗದ ಬರೆದ. ತಿಂಗಳಾದ ಮೇಲೆ ನೀಲಿಯ ಏರೋಗ್ರಾಮ್‌ನಲ್ಲಿ ಉತ್ತರ ಬಂದಿತು: ಏಳನೆಯದು ಅಚ್ಚಾಗಿಲ್ಲ, ಗೊಂಬೆ ಮಾರಾಟವಾಗಲಿಲ್ಲವಂತೆ, ಇನ್ನು ಅಚ್ಚಾಗುವುದೂ ಇಲ್ಲ.

ವಾರದ ಧಾರಾವಾಹಿಗಾಗಿ ಬಾಗಿಲಲ್ಲಿ ಕಾದು ನಿಂತವರಿಗೆ ಆ ಹುಡುಗನ ಸಂಕಟ ಅರ್ಥವಾದೀತು. ಅಂಗಡಿಯವನ ಲೆಕ್ಕ ತಪ್ಪಿದರೆ ವೀರನು ಸೆರೆಯಲ್ಲೇ ಉಳಿಯಬೇಕೆ? ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಂದೆ, ಮಾರುವುದಕ್ಕೆ ಬರೆದ ಕಥೆಗೆ ಇಷ್ಟೇ ಆಯುಸ್ಸು ಎಂದರು. ಮಾತು ನಿಜವಿರಬಹುದು, ಆದರೆ ಹಸಿದವನಿಗೆ ಅಡುಗೆಯವನ ಉದ್ದೇಶವನ್ನು ವಿವರಿಸಿ ಫಲವೇನು?

ಅಜ್ಜಿಯ ವಿಚಾರ ಬೇರೆ. ಆಕೆ ಗಮಕಿಗಳ ಭಾರತ ವಾಚನ ಕೇಳಿ ಬೆಳೆದವರು. ಇಂಗ್ಲಿಷಿನ ಒಂದಕ್ಷರ ಬಾರದು. "ಕುಮಾರವ್ಯಾಸನೂ ಹತ್ತು ಪರ್ವಕ್ಕೆ ನಿಲ್ಲಿಸಿದನಲ್ಲಪ್ಪ, ಉಳಿದದ್ದನ್ನು ತಿಮ್ಮಣ್ಣ ಕವಿ ಮುಗಿಸಲಿಲ್ಲವೇ?" ಎಂದು, ಮೊಮ್ಮಗನಿಂದ ಆರು ಸಂಚಿಕೆಗಳ ಕಥೆಯನ್ನೂ ಹೇಳಿಸಿಕೊಂಡು, ಮಾರನೆಯ ರಾತ್ರಿಯಿಂದ ಏಳನೆಯದನ್ನು ತಾವೇ ಆರಂಭಿಸಿದರು. ಆಕೆಯ ಕಥೆಯಲ್ಲಿ ಲಿಯೋರಿಕ್ ಗೆಲ್ಲಲಿಲ್ಲ. ಯಂತ್ರ ನಿಂತ ಊರಿನಲ್ಲಿ ನೀರಿಲ್ಲದೆ ಬಾಯಾರಿದ ಎರಡು ಕಡೆಯ ಜನರೂ ಆಯುಧಗಳನ್ನು ಕೆಳಗಿಟ್ಟು ಒಂದು ಕೆರೆ ಕಟ್ಟಿದರು. ಕೆರೆ ತುಂಬಿದ ದಿನ ಮೂವರು ಸೂರ್ಯರೂ ಅದರಲ್ಲಿ ತಮ್ಮ ಮುಖ ನೋಡಿಕೊಂಡರು. ಹುಡುಗನಿಗೆ ಮೊದಲು ಸಿಟ್ಟು ಬಂದಿತು. ಯುದ್ಧವೇ ಇಲ್ಲದ ಮುಕ್ತಾಯವೆಂದರೇನು! ಆದರೂ ಇನ್ನೊಮ್ಮೆ ಹೇಳಿಸಿಕೊಂಡ.

ಈಗ ಅಜ್ಜಿ ಇಲ್ಲ. ಲಿಯೋರಿಕ್‌ನ ಎದೆಯ ಹಾಳೆ ಮಂಕಾಗಿದೆ. ಸಿಂಹ ಎಂಥ ಬಿಸಿಲಿಗೂ ಏಳುವುದಿಲ್ಲ. ೨೦೧೮ರಲ್ಲಿ ಅಮೆರಿಕದಲ್ಲಿ ಆ ಪಾತ್ರಗಳನ್ನು ಮತ್ತೊಂದು ಆಟಿಕೆಯ ಪಾತ್ರಗಳೊಡನೆ ಕಾದಾಡಿಸಿ ಐದು ಸಂಚಿಕೆಗಳ ಹೊಸ ಕಥೆ ಹೊರಟಿತು. ಹಳೆಯ ಗಂಟನ್ನು ಅದು ಬಿಚ್ಚಲಿಲ್ಲ. ಅಂದಿನ ಹುಡುಗನಿಗೆ ಆರು ಸಂಚಿಕೆಗಳಲ್ಲಿ ಬಹಳಷ್ಟು ಮರೆತುಹೋಗಿದೆ, ಅಚ್ಚಾಗದ ಏಳನೆಯದು ಮಾತ್ರ ಮಾತು ಮಾತಿಗೂ ನೆನಪಿದೆ.

ಮಾರಾಟಕ್ಕೆ ಹುಟ್ಟಿದ ಕಥೆ ಕೀಳೆಂದು ತಳ್ಳಿಹಾಕುವುದು ಸುಲಭ. ಕಥೆಯ ಕುಲವನ್ನು ಕೇಳುವವರು ದೊಡ್ಡವರು. ಮಕ್ಕಳು ಕೇಳುವುದು 'ಆಮೇಲೆ?' ಎಂಬ ಒಂದೇ ಮಾತು. ಆ ಮಾತಿಗೆ ಅಂಗಡಿ ಉತ್ತರ ಕೊಡದೆ ಬಾಗಿಲು ಮುಚ್ಚಿದಾಗ ಮನೆಯಲ್ಲೊಬ್ಬರು ಉತ್ತರ ಕೊಡಬಲ್ಲವರಿದ್ದರೆ ಸಾಕು. ಹನ್ನೊಂದು ವರ್ಷದ ಮಗಳಿಗೆ ಅವನು ಕೆರೆಯ ಕಥೆ ಹೇಳಿದಾಗ ಆಕೆ ಕೊನೆಯವರೆಗೂ ಕೇಳಿ, ಇದು ತನಗೆ ಒಪ್ಪಿಗೆಯಿಲ್ಲವೆಂದು ತಲೆಯಾಡಿಸಿದಳು. ಮುಕ್ತಾಯ ಬೇರೆ ಇರಬೇಕಂತೆ. ಈಗ ಆಕೆಯ ನೋಟುಪುಸ್ತಕದಲ್ಲಿ ಅದು ಐದನೆಯ ಪುಟಕ್ಕೆ ಬಂದಿದೆ.