ಆ ಡಬ್ಬಿ ತಂದವನು ನಾನೇ

ಮಗಳು ಹುಟ್ಟಿ ಮೂರನೇ ರಾತ್ರಿ. ಹನ್ನೊಂದೂವರೆ ಆಗಿರಬಹುದು. ನರ್ಸಿಂಗ್ ಹೋಂ ಎದುರಿನ ಮೆಡಿಕಲ್ ಶಾಪ್‌ನ ಶಟರ್ ಅರ್ಧ ಎಳೆದಿದ್ದರು. ಬಗ್ಗಿ ತಲೆ ಒಳಗೆ ಹಾಕಿ, 'ಸಾರ್, ಹುಟ್ಟಿದ ಮಗೂಗೆ ಕೊಡೋ ಹಾಲಿನ ಪೌಡರ್ ಬೇಕಿತ್ತು' ಅಂದೆ. 'ಯಾವ್ದು ಕೊಡ್ಲಿ?' ಅಂದ್ರು. 'ಯಾವ್ದಾದ್ರೂ ಒಳ್ಳೇದು ಕೊಡಿ' ಅಂದೆ. ನನಗೆ ಗೊತ್ತಿದ್ದಿದ್ದು ಅಷ್ಟೇ.

ಸಂಜೆಯಿಂದ ಮಗು ಅಳು ನಿಲ್ಲಿಸಿರಲಿಲ್ಲ. ಸಿಸೇರಿಯನ್ ಆಗಿತ್ತು, ಇವಳಿಗೆ ಮಗ್ಗುಲು ಬದಲಿಸೋದೇ ಕಷ್ಟ. ಎದೆಗೆ ಹಾಕಿದರೆ ಮಗು ನಾಲ್ಕು ಸಲ ಚೀಪಿ, ಬಿಟ್ಟು, ಮತ್ತೆ ಕಿರುಚೋದು. 'ಹಾಲೇ ಇಳಿದಿಲ್ಲ, ಪಾಪ ಹಸ್ಕೊಂಡಿದೆ' ಅಂತ ನಮ್ಮತ್ತೆ ಕಣ್ಣಲ್ಲಿ ನೀರು ಹಾಕಿಕೊಂಡರು. ಇಡೀ ಮಹಡಿಗೆ ಒಬ್ಬರೇ ಇದ್ದ ನೈಟ್ ಡ್ಯೂಟಿ ನರ್ಸ್ ಬಾಗಿಲಲ್ಲೇ ನಿಂತು, 'ಪೌಡರ್ ತಂದ್ಬಿಡಿ ಸಾರ್' ಅಂದು ಮುಂದಿನ ರೂಮಿಗೆ ಹೋದರು. ನಾನು ಓಡಿದೆ. ಆಫೀಸಿನಲ್ಲೂ ನಾನು ಹೀಗೇ. ಟಿಕೆಟ್ ಬಂತೋ, ಕ್ಲೋಸ್ ಮಾಡಿದರೆ ಸಮಾಧಾನ.

ಒಳಲೆಯಲ್ಲಿ ಮೂವತ್ತು ಎಂಎಲ್ ಕುಡಿಸಿದೆವು. ಹತ್ತು ನಿಮಿಷಕ್ಕೆ ಮಗು ನಿದ್ದೆ ಹೋಯಿತು. ಅತ್ತೆ ಚಾಪೆ ಹಾಸಿಕೊಂಡರು. ಏನೋ ದೊಡ್ಡದು ಸಾಧಿಸಿದವನ ಹಾಗೆ ನಾನು ಕುರ್ಚಿಯಲ್ಲಿ ಕಾಲು ಚಾಚಿದೆ. ಇವಳು ಗೋಡೆ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸುಸ್ತಾಗಿದೆ ಪಾಪ ಅಂದುಕೊಂಡೆ.

ಇದನ್ನೆಲ್ಲ ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗಂಡಸು ಎದೆಹಾಲಿನ ಬಗ್ಗೆ ಏನು ಬರೀತಾನೆ ಅಂತ ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು.

ಹಾಲು ಇರಲಿಲ್ಲವಾ?

ಇತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಮೊದಲ ಎರಡು ಮೂರು ದಿನ ಬರೋದು ಹಳದಿ ಬಣ್ಣದ ಗಟ್ಟಿ ಹಾಲು. ಚಮಚದ ಲೆಕ್ಕದಲ್ಲಿ ಬರುತ್ತೆ. ಹುಟ್ಟಿದ ಮಗುವಿನ ಹೊಟ್ಟೆಯೂ ಪುಟ್ಟದೇ, ಸಾಮಾನ್ಯವಾಗಿ ಅಷ್ಟು ಸಾಕಾಗುತ್ತೆ. ಎದೆ ತುಂಬಿ ಬರೋದು ಎರಡರಿಂದ ಐದನೇ ದಿನದೊಳಗೆ, ಸಿಸೇರಿಯನ್ ಆದವರಿಗೆ ಕೆಲವೊಮ್ಮೆ ಸ್ವಲ್ಪ ತಡ. ಎರಡನೇ, ಮೂರನೇ ರಾತ್ರಿ ಮಕ್ಕಳು ಪದೇ ಪದೇ ಎದೆ ಕೇಳಿ ಅಳೋದು ತೀರಾ ಮಾಮೂಲು. ಮಗು ಎಷ್ಟು ಕುಡಿದು ಖಾಲಿ ಮಾಡುತ್ತೋ ಅಷ್ಟು ಹಾಲು ತಯಾರಾಗುತ್ತೆ. ಆ ರಾತ್ರಿ ಮಗಳು ಮಾಡುತ್ತಿದ್ದದ್ದು ಮುಂದಿನ ದಿನಗಳ ಆರ್ಡರ್. ಅದನ್ನು ಕ್ಯಾನ್ಸಲ್ ಮಾಡಿದವನು ನಾನು.

ಡಬ್ಬಿ ಹಾಲು ಕುಡಿದ ಮಗು ಒಂದೇ ಸಮ ನಾಲ್ಕು ಗಂಟೆ ಮಲಗಿತು. ಮಾರನೇ ದಿನವೂ ಅದೇ. ಐದನೇ ದಿನ ಡಿಸ್ಚಾರ್ಜ್ ಆಗೋ ಹೊತ್ತಿಗೆ ಇವಳ ಎದೆ ಹಾಲು ಕಟ್ಟಿಕೊಂಡು ಕಲ್ಲಾಗಿತ್ತು. ಎದೆ ಬಿಗಿದುಕೊಂಡಿದ್ದರಿಂದ ಮಗುವಿಗೆ ಬಾಯಿ ತುಂಬ ಹಿಡಿಯಲು ಆಗದೆ ಬರೀ ತೊಟ್ಟನ್ನು ಕಚ್ಚಿ ಎಳೆಯೋದು. ತೊಟ್ಟು ಬಿರಿದು ರಕ್ತ. ನೋವಿಗೆ ಇವಳು ಸೆರಗು ಕಚ್ಚಿಕೊಳ್ಳುತ್ತಿದ್ದಳು. 'ಬೇಡ ಬಿಡು, ಡಬ್ಬಿ ಇದೆಯಲ್ಲ' ಅಂತ ನಾನು. ಡಬ್ಬಿ ಕೊಟ್ಟಷ್ಟೂ ಎದೆ ಖಾಲಿಯಾಗಲ್ಲ, ಎದೆ ಖಾಲಿಯಾಗದಷ್ಟೂ ಡಬ್ಬಿ ಬೇಕು.

ಒಂದು ರಾತ್ರಿ ಅಳತೆ ಚಮಚ ಹುಡುಕುವಾಗ ಡಬ್ಬಿಯ ಮೇಲಿನ ಬರಹ ಓದಿದೆ. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಅಂತ ಅಲ್ಲೇ ಅಚ್ಚು ಹಾಕಿದ್ದರು. ಹಾಗೆ ಹಾಕಲೇಬೇಕು ಅಂತ 1992ರ ಕಾನೂನು ಇದೆ, ಈ ಪೌಡರ್‌ಗಳಿಗೆ ಜಾಹೀರಾತು ಕೊಡುವಂತೆಯೂ ಇಲ್ಲ. ನಾನು ಓದಿದ್ದು ಅರ್ಧ ಡಬ್ಬಿ ಮುಗಿದ ಮೇಲೆ.

ಬಾಣಂತಿ ಕೋಣೆಗೆ ಗಂಡಸು

ಬಾಣಂತನ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ, ಇವಳ ತವರಲ್ಲಿ. ಕಂಪನಿ ಕೊಟ್ಟಿದ್ದು ಐದು ದಿನ ಪಿತೃತ್ವ ರಜೆ. ಕೇಂದ್ರ ಸರ್ಕಾರಿ ನೌಕರರಿಗಾದರೆ 15 ದಿನ ಇದೆ, ಖಾಸಗಿಯವರು ಕೊಡಲೇಬೇಕೆಂಬ ಕಾನೂನು ಇಲ್ಲ. ಮ್ಯಾನೇಜರ್ ಕೈಕಾಲು ಹಿಡಿದು ಒಂದು ತಿಂಗಳು ವರ್ಕ್ ಫ್ರಮ್ ಹೋಂ ಮಾಡಿಸಿಕೊಂಡೆ. ನೆಟ್‌ವರ್ಕ್ ಸಿಗೋ ಜಗಲಿಯ ಮೂಲೆ ನನ್ನ ಆಫೀಸ್. ಒಳಗಡೆ ಬಾಣಂತಿ ಕೋಣೆ. ಅಲ್ಲಿ ಗಂಡಸರಿಗೆ ಕೆಲಸ ಇಲ್ಲ.

ಆದರೆ ಸಲಹೆ ಕೊಡೋರಿಗೆ ಮಾತ್ರ ಬಾಗಿಲು ಯಾವಾಗಲೂ ತೆರೆದೇ ಇತ್ತು. ಒಬ್ಬರು ಸಬ್ಬಸಿಗೆ ಸೊಪ್ಪು ಕೊಡಿ ಅಂದರು, ಇನ್ನೊಬ್ಬರು ಬೆಳ್ಳುಳ್ಳಿ. ಮತ್ತೊಬ್ಬರು, 'ಆಪರೇಶನ್ ಆದೋರಿಗೆ ಹಾಲು ಎಲ್ಲಿ ಬರ್ತದೆ ಬಿಡಿ'. ನೀರು ಜಾಸ್ತಿ ಕುಡಿದರೆ ಬಾಣಂತಿಗೆ ಶೀತ ಅಂತ ಲೋಟಕ್ಕೂ ಲೆಕ್ಕ. ಮಗುವಿಗೆ ಜೇನು ನೆಕ್ಕಿಸಿ ಅಂದವರೂ ಇದ್ದರು. ಅದನ್ನು ಮಾತ್ರ ನಾನು ತಡೆದೆ, ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು ಅಂತ ಎಲ್ಲೋ ಓದಿದ್ದು ನೆನಪಿತ್ತು. ಎಲ್ಲರದ್ದೂ ಪ್ರೀತಿಯೇ. ಆದರೆ ಮಗು ಹೇಗೆ ಕುಡೀತಿದೆ ಅಂತ ಪಕ್ಕದಲ್ಲಿ ಕೂತು ನೋಡಿದವರು ಒಬ್ಬರೂ ಇಲ್ಲ.

ಆಶಾ ಅಕ್ಕ ಕೇಳಿದ ಪ್ರಶ್ನೆ

ಏಳನೇ ದಿನ ಊರಿನ ಆಶಾ ಕಾರ್ಯಕರ್ತೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು ಅನ್ನೋದು ನನಗೆ ಆವತ್ತೇ ಗೊತ್ತಾಗಿದ್ದು. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಅದರಲ್ಲಿ ತೂಕದ ಮಾಪನ.

ಅವರು ಹಾಲು ಬರ್ತಿದೆಯಾ ಅಂತ ಕೇಳಲೇ ಇಲ್ಲ. 'ನಿನ್ನೆ ಬೆಳಿಗ್ಗೆಯಿಂದ ಮಗು ಎಷ್ಟು ಸಲ ಉಚ್ಚೆ ಮಾಡಿದೆ?' ಅಂದರು. ಯಾರಿಗೂ ಗೊತ್ತಿಲ್ಲ. ಒಗೆಯೋಕೆ ಹಾಕಿದ್ದ ಬಟ್ಟೆ ಎಣಿಸಿದರೆ ಏಳು. 'ಆರರ ಮೇಲಿದ್ರೆ ಭಯ ಇಲ್ಲ' ಅಂದರು. ಹುಟ್ಟಿದಾಗ 2.9 ಕೆಜಿ ಇದ್ದ ಮಗು 2.7 ಆಗಿತ್ತು. ನನಗೆ ಎದೆ ಧಸಕ್ ಅಂತು. ಮೊದಲ ದಿನಗಳಲ್ಲಿ ಮಕ್ಕಳು ಅಷ್ಟು ಇಳೀತಾರೆ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಬರಬೇಕು, ನೋಡೋಣ ಅಂದರು.

ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿದರು. ನಾನೂ ಎದ್ದೆ. 'ನೀವು ಕೂತ್ಕಳಿ ಅಣ್ಣಾ. ರಾತ್ರಿ ಹೊತ್ತು ನಾನಿರ್ತೀನಾ? ನೀವೇ ತಾನೇ ಇರೋದು' ಅಂದರು. ಅತ್ತೆ ಬಾಗಿಲಲ್ಲಿ ಒಂದು ಕ್ಷಣ ನಿಂತು, ಏನೂ ಹೇಳದೆ ಹೋದರು.

ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆ ಮೇಲೆ ಐದು ನಿಮಿಷ ಇಡಿಸಿದರು. ಕೈಯಿಂದ ಸ್ವಲ್ಪ ಹಾಲು ಹಿಂಡಿ ತೆಗೆಸಿದರು, ತೊಟ್ಟಿನ ಸುತ್ತ ಮೆತ್ತಗಾಯಿತು. ಹೊಲಿಗೆಗೆ ತಾಗದ ಹಾಗೆ ಮಗುವನ್ನು ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡಂತೆ ಪಕ್ಕದಿಂದ ಹಿಡಿಸಿ, ಕೆಳಗೆ ಎರಡು ದಿಂಬು ಇಟ್ಟರು. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು, ಮೂಗು ತೊಟ್ಟಿನ ನೇರಕ್ಕೆ ಬರಬೇಕು. ತೊಟ್ಟನ್ನು ಮೇಲ್ದುಟಿಗೆ ಮೆಲ್ಲಗೆ ಸವರಿದರು. ಮಗು ಆಕಳಿಸುವ ಹಾಗೆ ಬಾಯಿ ತೆರೆದ ಕೂಡಲೇ, 'ಈಗ!' ಅಂತ ಮಗುವನ್ನು ಎದೆಗೆ ತಂದರು. 'ನೀನು ಬಗ್ಗಬೇಡ ಕಣಮ್ಮ, ಮಗೂನ ನಿನ್ನ ಹತ್ರ ತಗೋ.'

ಮೊದಲ ಸಲ ಸರಿ ಕೂರಲಿಲ್ಲ. ನೋವಾದರೆ ಎಳೀಬೇಡ ಅಂತ ಹೇಳಿ, ತೊಳೆದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿದರು. ಮೂರನೇ ಸಲಕ್ಕೆ ಕೂತಿತು. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ. ಕೆಳದುಟಿ ಹೊರಗೆ ಮಡಚಿತ್ತು, ಗದ್ದ ಎದೆಗೆ ಒತ್ತಿತ್ತು. ಸ್ವಲ್ಪ ಹೊತ್ತಿಗೆ ಗುಟುಕು ನುಂಗೋ ಸದ್ದು ಕೇಳಿಸಿತು. ಒಂದು ಗುಟುಕು, ಒಂದು ಉಸಿರು. 'ನೋವಿದೆಯಾ?' ಅಂತ ಕೇಳಿದರು. ಇವಳು ಇಲ್ಲ ಅಂತ ತಲೆಯಾಡಿಸಿದಳು. ಆಮೇಲೆ ಅತ್ತಳು.

ನನ್ನ ಪಾಲಿನ ಕೆಲಸ

ಆವತ್ತಿಗೆ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತೆ. ಬಿರುಕು ಮಾಯಲು ವಾರ ಹಿಡಿಯಿತು. ಡಬ್ಬಿ ಹಾಲನ್ನು ಒಂದೇ ಸಲ ನಿಲ್ಲಿಸಬೇಡಿ, ಮೊದಲು ಎದೆ, ಸಾಲದಿದ್ದರೆ ಮಾತ್ರ ಅದು, ತೂಕ ನೋಡಿಕೊಂಡು ಕಡಿಮೆ ಮಾಡಿ ಅಂತ ಮಕ್ಕಳ ಡಾಕ್ಟರ್ ಹೇಳಿದರು. ಹದಿನಾಲ್ಕನೇ ದಿನ ಮಗಳು 2.95 ಕೆಜಿ. ಹತ್ತೊಂಬತ್ತನೇ ದಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆವು.

ಈ ದಿನಗಳಲ್ಲಿ ನಾನು ಕಲಿತ ಕೆಲಸಗಳು ಬಹಳ ಸಣ್ಣವು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಮಗು ಕುಡಿಯಬೇಕು, ಅಂದರೆ ರಾತ್ರಿಯೂ ಎರಡು ಮೂರು ಸಲ. ಮಗು ಜೋರಾಗಿ ಅಳುವ ತನಕ ಕಾಯಬಾರದು. ಕೈ ಬಾಯಿಗೆ ಹಾಕಿಕೊಂಡರೆ, ತಲೆ ಆಚೀಚೆ ತಿರುಗಿಸಿ ಹುಡುಕಿದರೆ ಹಸಿದಿದೆ ಅಂತಲೇ ಅರ್ಥ. ಆಗ ನಾನು ಏಳೋದು, ಬಟ್ಟೆ ಬದಲಿಸೋದು, ದಿಂಬು ಜೋಡಿಸಿ ಮಗುವನ್ನು ಅವಳ ಕೈಗೆ ಕೊಡೋದು. ಪಕ್ಕದಲ್ಲಿ ಬೆಚ್ಚಗಿನ ನೀರಿನ ಚೊಂಬು ಇಡೋದು. ಹಾಲೂಡಿಸುವಾಗಲೇ ಜೋರು ಬಾಯಾರಿಕೆ ಆಗುತ್ತೆ, ಕುಡಿಯಬೇಡ ಅನ್ನೋದು ತಪ್ಪು. ಕುಡಿದಾದ ಮೇಲೆ ಮಗುವನ್ನು ಹೆಗಲಿಗೆ ಹಾಕಿ ತೇಗಿಸಿ ಮಲಗಿಸೋದು. ಒದ್ದೆ ಬಟ್ಟೆಯ ಲೆಕ್ಕ ಫೋನಿನಲ್ಲಿ ಬರೆಯೋದು.

ಇನ್ನೊಂದು ಕೆಲಸ ಬಾಗಿಲು ಕಾಯೋದು. ನಾಮಕರಣಕ್ಕೆ ಬಂದವರೆಲ್ಲ ಮಗುವನ್ನು ಎತ್ತಿಕೊಳ್ಳೋರೇ. 'ಪುಟ್ಟಿಗೆ ಹಾಲು ಕುಡಿಯೋ ಹೊತ್ತು, ಆಮೇಲೆ ಬರ್ತಾಳೆ' ಅಂತ ನಾನೇ ಹೇಳುತ್ತಿದ್ದೆ. ಇವಳು ಹೇಳಿದರೆ ಸೊಸೆಗೆ ಜಂಬ ಅನ್ನುತ್ತಾರೆ, ಅಳಿಯ ಹೇಳಿದರೆ ನಕ್ಕು ಸುಮ್ಮನಾಗುತ್ತಾರೆ. 'ಹಾಲು ಸಾಲ್ತಿದೆಯಾ?' ಅನ್ನೋ ಪ್ರಶ್ನೆಯನ್ನೂ ನಾನು ಬಿಟ್ಟೆ. ಆ ಮಾತು ಕೇಳಿದಾಗಲೆಲ್ಲ ಅವಳ ಮುಖ ಬಾಡೋದನ್ನು ಆಮೇಲೆ ಗಮನಿಸಿದ್ದೆ.

ಕೆಲವನ್ನು ಮಾತ್ರ ಮನೆಯಲ್ಲೇ ಪರಿಹರಿಸಲು ಹೋಗಬೇಡಿ. ಮಗು ಎಬ್ಬಿಸಿದರೂ ಏಳದೆ ಮಂಪರಿನಲ್ಲಿದ್ದರೆ, ಉಚ್ಚೆ ಕಡಿಮೆಯಾದರೆ, ಮೈ ಹಳದಿ ಏರುತ್ತಿದ್ದರೆ, ಅಮ್ಮನಿಗೆ ಜ್ವರ ಬಂದು ಎದೆ ಕೆಂಪಾಗಿ ನೋಯುತ್ತಿದ್ದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಅಂಥ ಹೊತ್ತಲ್ಲಿ ಡಾಕ್ಟರ್ ಪೌಡರ್ ಹಾಲು ಬರೆದುಕೊಟ್ಟರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ನನ್ನ ಟೀಮಿನಲ್ಲೇ ಅವಳಿ ಮಕ್ಕಳ ಅಮ್ಮ ಒಬ್ಬರಿದ್ದಾರೆ, ಎರಡೂ ಕೊಟ್ಟು ಬೆಳೆಸಿದರು. ಮಕ್ಕಳು ಗುಂಡುಗುಂಡಗಿವೆ.

ಮತ್ತೆ ಬೆಂಗಳೂರು

ಇವಳ 26 ವಾರದ ರಜೆ ಮುಗಿದಾಗ ಎರಡನೇ ಸುತ್ತು. ಅಷ್ಟರಲ್ಲಿ ಆರು ತಿಂಗಳಾಗಿತ್ತು, ರಾಗಿ ಸರಿ ಶುರುವಾಗಿತ್ತು. ಆದರೂ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಎದೆಹಾಲು ಮುಂದುವರಿಸಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊದಲ ದಿನ ಇವಳು ಪಂಪ್ ಹಿಡಿದುಕೊಂಡು ಆಫೀಸಿನ ಟಾಯ್ಲೆಟ್‌ನಲ್ಲಿ ಕೂತಿದ್ದಳು. ಸಂಜೆ ಅದನ್ನು ಹೇಳುವಾಗ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಇಬ್ಬರೂ ಕೂತು ಹೆಚ್‌ಆರ್‌ಗೆ ಮೇಲ್ ಬರೆದೆವು. ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಹಾಲೂಡಿಸುವ ಬ್ರೇಕ್ ಕಾನೂನಿನಲ್ಲೇ ಇದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುವಿಹಾರದ ವ್ಯವಸ್ಥೆ ಇರಬೇಕು, ಅಮ್ಮ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಅಂತ 2017ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಎರಡು ವಾರ ಬೆನ್ನು ಹತ್ತಿದ ಮೇಲೆ ಒಂದು ಸಣ್ಣ ಸ್ಟೋರ್ ರೂಮಿಗೆ ಚಿಲಕ, ಕುರ್ಚಿ, ಪ್ಲಗ್ ಪಾಯಿಂಟ್ ಬಂತು. ಈಗ ಅದನ್ನು ಇನ್ನಿಬ್ಬರು ಬಳಸುತ್ತಿದ್ದಾರೆ.

ಮನೆಯಲ್ಲಿ ಹಾಲಿನ ಡಿಪಾರ್ಟ್‌ಮೆಂಟ್ ನನ್ನದು. ಹಿಂಡಿಟ್ಟ ಹಾಲು ಹೊರಗೆ ತಂಪಾದ ಕಡೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನದವರೆಗೆ ಇರುತ್ತೆ. ಬಾಗಿಲಿನಲ್ಲಿ ಇಡಬಾರದು, ಒಳಗೆ ಹಿಂದುಗಡೆ ಇಡಬೇಕು. ಡಬ್ಬಕ್ಕೆ ದಿನಾಂಕ ಬರೆದು ಅಂಟಿಸಬೇಕು. ಕುದಿಸಬಾರದು, ಮೈಕ್ರೋವೇವ್ ಬೇಡ, ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು.

ಒಂದು ದಿನ ಹೀಗೆ ಡಬ್ಬ ತೊಳೆಯುತ್ತಾ ಕೇಳಿದೆ, 'ಆ ರಾತ್ರಿ ನಾನು ಪೌಡರ್ ತಂದಿದ್ದಕ್ಕೆ ನಿಂಗೆ ಈಗ್ಲೂ ಬೇಜಾರಿದೆಯಾ?'

'ಪೌಡರ್ ತಂದಿದ್ದಕ್ಕೆ ಅಲ್ಲ ರೀ' ಅಂದಳು. 'ಮಗು ಅಳ್ತಿತ್ತು, ಎಲ್ರಿಗೂ ಭಯ ಆಗಿತ್ತು. ಆದ್ರೆ ನನ್ನ ಒಂದು ಮಾತು ಕೇಳ್ದೆ ಓಡಿದ್ರಲ್ಲ. ನನ್ನ ಕೈಲಿ ಆಗಲ್ಲ ಅಂತ ನೀವೂ ತೀರ್ಮಾನ ಮಾಡ್ಬಿಟ್ರಿ ಅನಿಸ್ತು.'

ಉತ್ತರ ಕೊಡಲು ನನಗೆ ಆಗಲಿಲ್ಲ.

ಕಳೆದ ತಿಂಗಳು ರಾತ್ರಿ ಒಂದು ಗಂಟೆಗೆ ನನ್ನ ಜೂನಿಯರ್ ಒಬ್ಬನ ಫೋನ್. ಮಗು ಹುಟ್ಟಿ ಎರಡು ದಿನ, ಆಸ್ಪತ್ರೆಯಿಂದ ಮಾಡಿದ್ದ. 'ಅಣ್ಣ, ಅಳು ನಿಲ್ತಿಲ್ಲ. ಯಾವ ಪೌಡರ್ ತರ್ಲಿ?' ಅಂದ.

'ತರೋಣ, ಬೇಕಾದ್ರೆ ತರೋಣ' ಅಂದೆ. 'ಎಷ್ಟು ಸಲ ಉಚ್ಚೆ ಮಾಡಿದೆ ನೋಡು. ನರ್ಸ್ ಕರೆದು, ಮಗು ಸರಿಯಾಗಿ ಹಿಡಿದಿದೆಯಾ ಅಂತ ಪಕ್ಕದಲ್ಲಿ ಕೂತು ನೋಡೋಕೆ ಹೇಳು. ಇಲ್ಲಾಂದ್ರೆ ಡಾಕ್ಟರನ್ನ ಕೇಳು. ಅದಕ್ಕೂ ಮುಂಚೆ ನಿನ್ನ ಹೆಂಡ್ತಿ ಹತ್ರ ಹೋಗಿ, ನಿಂಗೆ ಏನು ಬೇಕು ಅಂತ ಕೇಳು.'

ಅರ್ಧ ಗಂಟೆ ಬಿಟ್ಟು ಮೆಸೇಜ್ ಬಂತು: 'ಅವಳಿಗೆ ಬೇಕಿದ್ದಿದ್ದು ಬೆನ್ನಿಗೊಂದು ದಿಂಬು ಅಣ್ಣ. ನರ್ಸ್ ಬಂದಿದ್ದಾರೆ, ತೋರಿಸ್ತಿದ್ದಾರೆ.'